ಕಾಣದ್ದೆಲ್ಲ ಇಲ್ಲವೆ?

ಭೂಪಟ ತುಂಬುವ ಪಾಠವೆಂದರೆ ಮಕ್ಕಳಿಗೆ ಹಬ್ಬ. ಸಮಾಜ ವಿಜ್ಞಾನ ಮತ್ತು ಕನ್ನಡ ಕಲಿಸುತ್ತ ನನಗೆ ಇಪ್ಪತ್ತೆಂಟು ವರ್ಷಗಳಾದವು. ಆ ಒಂದು ಪಾಠದ ದಿನ ತರಗತಿಯಲ್ಲಿ ಎಷ್ಟೇ ಗದ್ದಲವಾದರೂ ನಾನು ಬೈದದ್ದಿಲ್ಲ. ಕರ್ನಾಟಕದ ಗಡಿರೇಖೆ ಅಚ್ಚಾದ ಹಾಳೆ ಕೈಗೆ ಕೊಟ್ಟು, ನದಿಗೆ ನೀಲಿ, ಕಾಡಿಗೆ ಹಸಿರು, ರೈಲುದಾರಿಗೆ ಅಡ್ಡಗೀಟಿನ ಕಪ್ಪು ಗೆರೆ ಎಂದು ಹೇಳಿಬಿಟ್ಟರೆ ಸಾಕು, ಗಂಟೆ ಬಾರಿಸಿದರೂ ಅವರು ಏಳುವುದಿಲ್ಲ. ಆದರೆ ಪ್ರತಿ ವರ್ಷವೂ ಒಂದಿಲ್ಲೊಂದು ಮಗು ಎದ್ದು ನಿಂತು, “ಅಕ್ಕೋರೆ, ನಮ್ಮೂರು ಎಲ್ಲಿ ಬರೀಲಿ?” ಎಂದು ಕೇಳುತ್ತದೆ. “ನಿಮ್ಮೂರು ಸಣ್ಣದಪ್ಪಾ, ಇದರಾಗ ಬರೂದಿಲ್ಲ” ಎಂದು ನಾನು ಕೂರಿಸುತ್ತೇನೆ. ಮಗು ಕೂತುಕೊಳ್ಳುತ್ತದೆ. ಇದರಲ್ಲಿ ಯೋಚಿಸುವಂಥದ್ದೇನಾದರೂ ಇದೆ ಎಂದು ನನಗೆ ಇಷ್ಟು ವರ್ಷ ಅನ್ನಿಸಿರಲಿಲ್ಲ.

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಓದಿ ಎಂಜಿನಿಯರ್ ಆಗಿ ಬೆಂಗಳೂರು ಸೇರಿದವನು. ಏನು ಕೆಲಸವಪ್ಪಾ ಎಂದರೆ, “ನಕ್ಷೆ ಮಾಡ್ತೀನ್ರಿ ಅಕ್ಕೋರೆ, ಮೊಬೈಲಿನಾಗಿನವು” ಎಂದ. ನನ್ನ ಪಾಠ ಒಬ್ಬನಿಗಾದರೂ ಅನ್ನವಾಯಿತಲ್ಲ ಎಂದು ಹಿಗ್ಗಿ, ಅದು ಹೇಗೆ ಮಾಡುತ್ತೀ ತೋರಿಸು ಎಂದೆ. ಚಹಾ ಆರಿಹೋಗುವವರೆಗೆ ಅವನು ತೋರಿಸಿದ್ದನ್ನು, ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಮೊಬೈಲಿನಲ್ಲಿ ನಾವು ನೋಡುವ ನಕ್ಷೆ ಒಂದು ಚಿತ್ರವೆಂದು ನಾನು ತಿಳಿದಿದ್ದೆ. ಅದು ಚಿತ್ರವಲ್ಲವಂತೆ. ಅದೊಂದು ಉಗ್ರಾಣ. ಇಡೀ ಭೂಮಿಯನ್ನು ಮೊದಲು ಒಂದೇ ಚೌಕದಲ್ಲಿ ಇಡುತ್ತಾರೆ. ಒಂದು ಮೆಟ್ಟಿಲು ಹತ್ತಿರ ಹೋದರೆ ಅದು ನಾಲ್ಕು ಚೌಕವಾಗುತ್ತದೆ, ಇನ್ನೊಂದು ಮೆಟ್ಟಿಲಿಗೆ ಹದಿನಾರು. ಹೀಗೆ ಹದಿನಾಲ್ಕನೆಯ ಮೆಟ್ಟಿಲಿಗೆ ೨೬ ಕೋಟಿಗೂ ಹೆಚ್ಚು ಚೌಕಗಳು. ಒಂದೊಂದು ಚೌಕದಲ್ಲೂ ದಾರಿ, ಕೆರೆ, ಕಟ್ಟಡ, ಊರು ಎಲ್ಲವೂ ಬಣ್ಣವಿಲ್ಲದೆ, ಬರಿಯ ವಿವರಗಳಾಗಿ ಇರುತ್ತವೆ. ಇದು ದಾರಿ, ಇದರ ವರ್ಗ ಹೆದ್ದಾರಿ. ಇದು ಊರು, ಇದರ ಹೆಸರು ಇಂಥದ್ದು, ಜನಸಂಖ್ಯೆ ಇಷ್ಟು. ಇಂಥ ವಿವರಗಳನ್ನು ಯಾರು ಬೇಕಾದರೂ ತುಂಬಬಹುದಾದ ಒಂದು ದೊಡ್ಡ ಉಗ್ರಾಣ ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂದು ಅದರ ಹೆಸರು. ನನ್ನ ಶಿಷ್ಯ ಸಾಮಾನು ತೆಗೆದುಕೊಳ್ಳುವುದು ಅದರಿಂದಲೇ.

ಉಗ್ರಾಣದಿಂದ ಏನನ್ನು ಹೊರಗೆ ತರಬೇಕು, ಅದಕ್ಕೆ ಯಾವ ಬಣ್ಣ ಬಳಿಯಬೇಕು ಎಂದು ಹೇಳಲು ಎರಡು ಬಗೆಯ ಮಾತುಗಳಿವೆ. ಎಕ್ಸ್‌ಪ್ರೆಶನ್ ಎನ್ನುವುದು ಒಂದು. ‘ದೂರದಿಂದ ನೋಡುವಾಗ ಹೆದ್ದಾರಿಯ ಗೆರೆ ತೆಳ್ಳಗಿರಲಿ, ಹತ್ತಿರ ಬಂದಂತೆ ದಪ್ಪವಾಗಲಿ, ನಡುವಿನ ದೂರಕ್ಕೆ ನಡುವಿನ ದಪ್ಪ ನೀನೇ ಲೆಕ್ಕ ಹಾಕಿಕೋ’ ಎನ್ನುವಂಥದ್ದು. ‘ಕನ್ನಡದಲ್ಲಿ ಹೆಸರಿದ್ದರೆ ಅದನ್ನು ಬರೆ, ಇಲ್ಲದಿದ್ದರೆ ಯಾವುದಿದೆಯೋ ಅದನ್ನು ಬರೆ’ ಎನ್ನುವುದೂ ಅದೇ ಜಾತಿಯದು. ಇನ್ನೊಂದು ಪ್ರೆಡಿಕೇಟ್. ಅದು ಹೌದು, ಅಲ್ಲ ಎಂಬ ಎರಡೇ ಉತ್ತರವಿರುವ ಪ್ರಶ್ನೆ. ‘ಜನಸಂಖ್ಯೆ ೫೦೦ಕ್ಕಿಂತ ಹೆಚ್ಚಿದೆಯೆ?’ ಹೌದಾದರೆ ಊರು ಪರದೆಯ ಮೇಲೆ ಬರುತ್ತದೆ, ಅಲ್ಲವಾದರೆ ಇಲ್ಲ. ನಮ್ಮ ಅಡುಗೆಮನೆಯ ಜರಡಿಯೇ ಇದು ಎಂದೆ. ಅವನು ನಕ್ಕು, “ಹೂಂರಿ, ನಾವೂ ಸೋಸೂದು ಅಂತೀವಿ” ಎಂದ.

ಪ್ರೆಡಿಕೇಟ್ ಎಂಬ ಮಾತು ನನಗೆ ಹೊಸದೇನಲ್ಲ. ವಾಕ್ಯದಲ್ಲಿ ಉದ್ದೇಶ್ಯ, ವಿಧೇಯ ಎಂದು ವ್ಯಾಕರಣದಲ್ಲಿ ಕಲಿಸುತ್ತೇವಲ್ಲ, ಆ ವಿಧೇಯವೇ ಇದು. ಅದೇ ಮಾತನ್ನು ಮಕ್ಕಳು ರಜಾ ಚೀಟಿಯ ಕೊನೆಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದೂ ಬರೆಯುತ್ತಾರೆ. ಜರಡಿಯೂ ಹಾಗೆಯೇ ವಿಧೇಯ. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಕೇಳುವುದಿಲ್ಲ.

ಅವನು ನಮ್ಮ ಕಡೆಯ ನಕ್ಷೆ ತೆಗೆದು ತೋರಿಸುತ್ತಿದ್ದಾಗ, ಶಾಲೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಹಟ್ಟಿಯನ್ನು ಹುಡುಕಿದೆ. ಕಾಣಲಿಲ್ಲ. “ಇಲ್ಲಲ್ಲೋ” ಎಂದೆ. ಅವನು ಹೇಳಿದ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ: “ಇಲ್ಲಂತಿಲ್ರಿ ಅಕ್ಕೋರೆ, ಅದರಿ. ತೋರಸು ಅಂತ ನಾವು ಹೇಳಿಲ್ಲ, ಅಷ್ಟ.” ಸಾಮಾನು ಸಾಗಿಸುವವರಿಗಾಗಿ ಮಾಡಿದ ನಕ್ಷೆಯಂತೆ ಅದು; ೫೦೦ ಜನರಿಗಿಂತ ಕಡಿಮೆ ಇರುವಲ್ಲಿ ಅವರಿಗೆ ವ್ಯಾಪಾರವಿಲ್ಲ.

ಆಮೇಲೆ ಒಂದು ಆಟ ತೋರಿಸಿದ. ತಾನು ಬರೆದಿದ್ದ ನಿಯಮದ ಮುಂದೆ ‘ಅಲ್ಲ’ ಎಂಬ ಒಂದೇ ಗುರುತು ಸೇರಿಸಿದ. ಪರದೆ ತಿರುವುಮುರುವಾಯಿತು. ತಾಲ್ಲೂಕು ಕೇಂದ್ರ ಹೋಯಿತು, ನಮ್ಮ ಊರೂ ಹೋಯಿತು, ಅವು ಇದ್ದಲ್ಲೆಲ್ಲ ಬಯಲು; ಬಯಲಿದ್ದಲ್ಲೆಲ್ಲ ಹೆಸರುಗಳು. ನಾನು ಹುಡುಕುತ್ತಿದ್ದ ಹಟ್ಟಿ ಅಲ್ಲಿತ್ತು. ಬೆರಳಿಟ್ಟು ಎಣಿಸಿದೆ, ಹನ್ನೊಂದು. ಇಷ್ಟು ಹೊತ್ತೂ ಅವು ಅಲ್ಲೇ ಇದ್ದವಲ್ಲ ಎಂದು ಮೈ ಜುಮ್ಮೆಂದಿತು.

ಈ ಹೌದು-ಅಲ್ಲಗಳ ಲೆಕ್ಕವನ್ನು ಕಟ್ಟಿದವನೂ ಒಬ್ಬ ಶಾಲಾ ಮೇಷ್ಟರೇ. ಜಾರ್ಜ್ ಬೂಲ್ ೧೮೧೫ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಹುಟ್ಟಿದ. ಅಪ್ಪ ಚಪ್ಪಲಿ ಹೊಲಿಯುವವನು. ಮನೆ ನಡೆಸಲು ಹದಿನಾರನೆಯ ವಯಸ್ಸಿಗೇ ಪಾಠ ಹೇಳಲು ನಿಂತ. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆಯೂ ೧೮೪೯ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. ಯೋಚನೆಯ ನಿಯಮಗಳನ್ನು ಕುರಿತ ಅವನ ಪುಸ್ತಕ ೧೮೫೪ರಲ್ಲಿ ಬಂತು. ಮರುವರ್ಷ ಅವನು ಮದುವೆಯಾದ ಮೇರಿ, ನಮ್ಮ ದೇಶದ ಭೂಮಾಪನ ಇಲಾಖೆಯ ಮುಖ್ಯಸ್ಥನಾಗಿದ್ದ ಜಾರ್ಜ್ ಎವರೆಸ್ಟನ ತಮ್ಮನ ಮಗಳು. ಭಾರತವನ್ನು ಅಳೆದು ನಕ್ಷೆ ಮಾಡಿದವನ ಮನೆಯ ಹೆಣ್ಣು, ಇಂದು ನಕ್ಷೆಯನ್ನು ಸೋಸುವ ಲೆಕ್ಕ ಕೊಟ್ಟವನ ಕೈಹಿಡಿದಳು. ಮಕ್ಕಳಿಗೆ ಗಣಿತವನ್ನು ಹೇಗೆ ಕಲಿಸಬೇಕೆಂದು ಆಕೆಯೂ ಪುಸ್ತಕಗಳನ್ನು ಬರೆದಳು.

ಬೂಲನ ಲೆಕ್ಕದಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ಇರುವುದೆಲ್ಲವನ್ನೂ ಸೇರಿಸಿ ಅವನು ಒಂದು ಎನ್ನುತ್ತಾನೆ. ಅದರಲ್ಲಿ ನಾವು ಆರಿಸಿಕೊಂಡದ್ದಕ್ಕೆ ಒಂದು ಅಕ್ಷರ ಕೊಡುತ್ತಾನೆ. ಅಲ್ಲಿಗೇ ಬಿಡುವುದಿಲ್ಲ, ಒಂದರಲ್ಲಿ ಅದನ್ನು ಕಳೆದು, ನಾವು ಆರಿಸದೆ ಬಿಟ್ಟದ್ದಕ್ಕೂ ಒಂದು ಗುರುತು ಮಾಡುತ್ತಾನೆ. ಎರಡನ್ನೂ ಕೂಡಿಸಿದರೆ ಮತ್ತೆ ಒಂದು ಆಗಲೇಬೇಕು. ಹಿಟ್ಟು ಜರಡಿ ಹಿಡಿದವರು ಮೇಲುಳಿದ ತೌಡಿನ ಲೆಕ್ಕವನ್ನೂ ಕೊಡಬೇಕು ಎಂದಂತೆ.

ಇದನ್ನು ನಾನು ಸಂಭ್ರಮದಿಂದ ಹೇಳುತ್ತಿದ್ದಾಗ ಶಿಷ್ಯ ಮೆಲ್ಲಗೆ, “ಆದ್ರ ಅಕ್ಕೋರೆ, ಎರಡರಾಗೂ ಬರಲಾರದವು ಕೆಲವು ಇರ್ತಾವ್ರಿ” ಎಂದ. ಹೇಗೆ ಸಾಧ್ಯ? ಹೌದಿನಲ್ಲಿ ಇಲ್ಲದ್ದು ಅಲ್ಲದಲ್ಲಿ ಇರಬೇಡವೆ? ಅವನು ವಿವರಿಸಿದ: ಕೆಲವು ಊರುಗಳ ಜನಸಂಖ್ಯೆಯನ್ನು ಯಾರೂ ಬರೆದಿರುವುದಿಲ್ಲ. ಆ ಜಾಗ ಖಾಲಿ. ಖಾಲಿಯು ೫೦೦ಕ್ಕಿಂತ ಹೆಚ್ಚೋ ಎಂದು ಕೇಳಿದರೆ ಅವನು ಬಳಸುವ ಯಂತ್ರಕ್ಕೆ ಉತ್ತರ ತಿಳಿಯುವುದಿಲ್ಲ, ತಿಳಿಯದಿದ್ದರೆ ತೋರಿಸುವುದಿಲ್ಲ. ಮುಂದೆ ‘ಅಲ್ಲ’ ಸೇರಿಸಿ ಕೇಳಿದರೂ ತಿಳಿಯುವುದಿಲ್ಲ, ಆಗಲೂ ತೋರಿಸುವುದಿಲ್ಲ. ಖಾಲಿ ಇರುವವನ್ನೇ ತೋರಿಸು ಎಂದು ಬೇರೆ ನಿಯಮ ಬರೆದರೆ ಮಾತ್ರ ಅವು ಕಾಣುತ್ತವೆ. ಬರೆಯುವುದು ಕಷ್ಟವಲ್ಲ, ಆದರೆ ಬರೆಯಬೇಕೆಂದು ನೆನಪಾಗಬೇಕು.

ಖಾಲಿ ಎಂಬ ಮಾತು ಕೇಳಿದ್ದೇ ನನ್ನ ಬಾಯಿ ಒಣಗಿತು. ಇಪ್ಪತ್ತು ವರ್ಷಗಳ ಹಿಂದಿನ ಒಂದು ಹಾಜರಿ ಪುಸ್ತಕ, ಒಂದು ಅಂಕಪಟ್ಟಿ ಕಣ್ಣ ಮುಂದೆ ಬಂದವು.

ಅದು ೨೦೦೪. ನಾನಾಗ ಇದ್ದ ಶಾಲೆಗೆ ದಾನಿಯೊಬ್ಬರು ಹಣ ಕೊಟ್ಟಿದ್ದರು. ಎಂಟನೆಯ ತರಗತಿಯ ಐದು ಮಕ್ಕಳಿಗೆ ಪಟ್ಟಣದಲ್ಲಿ ಊಟ, ವಸತಿ, ಓದು. ಯಾರ ಶಿಫಾರಸೂ ನಡೆಯಬಾರದು, ನಿಯಮವೇ ಆರಿಸಬೇಕು ಎಂದು ನಾನೇ ಹಟ ಹಿಡಿದೆ. ನಿಯಮವನ್ನೂ ನಾನೇ ಬರೆದೆ: ಮೂರು ಪರೀಕ್ಷೆಗಳ ಸರಾಸರಿ ೬೦ಕ್ಕೆ ಕಡಿಮೆಯಿರಬಾರದು, ಅವರಲ್ಲಿ ಮೇಲಿನ ಐವರು. ಊರ ಗೌಡರ ಸಂಬಂಧಿಕರ ಮಗ ಉಳಿದುಹೋದಾಗ ನನಗೆ ಒಳಗೊಳಗೆ ಹೆಮ್ಮೆಯೇ ಆಯಿತು.

ತಾಂಡಾದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಹೆಸರು ಬರೆಯುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ೭೮, ಎರಡನೆಯದರಲ್ಲಿ ೮೨. ದೀಪಾವಳಿಯಾದ ಮೇಲೆ ಅವಳು ಕಾಣಲಿಲ್ಲ. ಮನೆಯವರೆಲ್ಲ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗಿದ್ದರು, ತಮ್ಮನನ್ನು ನೋಡಿಕೊಳ್ಳಲು ಇವಳೂ. ನಮ್ಮ ಸೀಮೆಯಲ್ಲಿ ಇದು ಪ್ರತಿ ವರ್ಷದ ಮಾತು. ಜನವರಿಯ ಮೂರನೆಯ ಪರೀಕ್ಷೆಗೆ ಅವಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯಲು ಜಾಗವಿದೆ, ಏಕೆ ಗೈರು ಎಂದು ಬರೆಯಲು ಇಲ್ಲ. ವಿಧೇಯ ವಿದ್ಯಾರ್ಥಿನಿಯ ರಜಾ ಚೀಟಿಯನ್ನು ಬರೆದುಕೊಡುವವರು ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಅಂಕಪಟ್ಟಿಯಲ್ಲಿ ಮೂರನೆಯ ಮನೆ ಖಾಲಿ ಉಳಿಯಿತು. ಸರಾಸರಿ ಹಾಕುವಾಗ ನಾನು ಆ ಖಾಲಿಯನ್ನು ಸೊನ್ನೆ ಎಂದು ಕೂಡಿದೆ. ೮೦ ಬರಬೇಕಾದವಳಿಗೆ ೫೩ ಬಂತು. ಜರಡಿಯ ಮೇಲೆ ಉಳಿದಳು. ಐದನೆಯವನಾಗಿ ಆರಿಸಿ ಬಂದವನ ಸರಾಸರಿ ೬೪.

ಏಪ್ರಿಲ್‌ನಲ್ಲಿ ವಾರ್ಷಿಕ ಫಲಿತಾಂಶ ಬರೆಯುವಾಗ ನನಗೆ ತಪ್ಪು ತಿಳಿಯಿತು. ಖಾಲಿಯೂ ಸೊನ್ನೆಯೂ ಒಂದಲ್ಲ. ಬರೆದು ಏನೂ ಬಾರದವನಿಗೆ ಸೊನ್ನೆ, ಬರೆಯಲು ಕೂರದವಳ ಬಗ್ಗೆ ನಮಗೆ ತಿಳಿಯದು ಎಂದಷ್ಟೇ ಅರ್ಥ. ಹೋಗಿ ಹೇಳಿದೆ. ಪಟ್ಟಿ ಹೋಗಿಯಾಯಿತು ಎಂದರು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ತಪ್ಪು ನನ್ನದೆಂದು ನಾಲ್ಕು ಜನರೆದುರು ಒಪ್ಪಬೇಕಲ್ಲ, ಅದಕ್ಕೆ. ಜೂನ್‌ನಲ್ಲಿ ಆ ಹುಡುಗಿ ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ನಾನು ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದವಳು. ಅನುಪಲಬ್ಧಿ ಎಂಬ ಪಾಠವನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆ. ಕುಮಾರಿಲ ಭಟ್ಟನ ದಾರಿಯ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಆರನೆಯ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಕಾಣದಿರುವುದೇ ಇಲ್ಲವೆಂಬ ತಿಳುವಳಿಕೆಗೆ ದಾರಿ. ಆದರೆ ಅವರು ಒಂದು ಷರತ್ತು ಹಾಕುತ್ತಾರೆ. ಗಡಿಗೆ ಇದ್ದಿದ್ದರೆ ಕಂಡೇ ಕಾಣುವಂತಿರಬೇಕು. ಕತ್ತಲ ಕೋಣೆಯಲ್ಲಿ ನಿಂತು ಗಡಿಗೆಯಿಲ್ಲ ಎನ್ನುವಂತಿಲ್ಲ. ದೀಪ ಹಚ್ಚಿ, ಕಣ್ಣು ಬಿಟ್ಟು ನೋಡಿದವನಿಗೆ ಮಾತ್ರ ಆ ಅಧಿಕಾರ. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಉತ್ತರ ಪತ್ರಿಕೆಯಲ್ಲಿ ಚೆನ್ನಾಗಿ ಬರೆದಿದ್ದೆ. ಅಂಕಪಟ್ಟಿಯ ಮುಂದೆ ಕೂತಾಗ ನೆನಪಾಗಲಿಲ್ಲ.

ಸೋಸುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಎಲ್ಲವನ್ನೂ ತೋರಿಸುವ ನಕ್ಷೆ ಯಾವುದನ್ನೂ ತೋರಿಸುವುದಿಲ್ಲ. ಹೆಸರಿನ ಮೇಲೆ ಹೆಸರು ಬಿದ್ದು ಪರದೆ ಕಪ್ಪಾಗುತ್ತದೆ. ಬಿಡುವುದರಿಂದಲೇ ಉಪಕಾರ ಮಾಡಿದವರೂ ಉಂಟು. ಲಂಡನ್ನಿನ ನೆಲದಡಿಯ ರೈಲುಗಳಿಗೆ ಹ್ಯಾರಿ ಬೆಕ್ ಎಂಬಾತ ಮಾಡಿದ ನಕ್ಷೆ ೧೯೩೩ರಲ್ಲಿ ಅಚ್ಚಾಯಿತು. ಬೀದಿಗಳನ್ನು ಬಿಟ್ಟ, ನಿಜವಾದ ದೂರಗಳನ್ನು ಬಿಟ್ಟ, ಅಂಕುಡೊಂಕು ದಾರಿಗಳನ್ನು ನೇರ ಗೆರೆ ಮಾಡಿದ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದಷ್ಟೇ ಉಳಿಯಿತು. ಜನಕ್ಕೆ ಬೇಕಾದದ್ದೂ ಅದೇ. ಆದರೆ ನಂತರದವರು ಅದೇ ನಕ್ಷೆಯಿಂದ ೨೦೦೯ರಲ್ಲಿ ಥೇಮ್ಸ್ ನದಿಯನ್ನೂ ತೆಗೆದರು. ಲಂಡನ್ನಿನ ಜನ ಬೊಬ್ಬೆ ಹಾಕಿದರು, ಕೆಲವೇ ತಿಂಗಳಲ್ಲಿ ನದಿ ವಾಪಸು ಬಂತು. ನದಿ ಕಳೆದಿದೆ ಎಂದು ಅವರಿಗೆ ತಿಳಿದದ್ದು, ನಕ್ಷೆಯ ಹೊರಗೂ ಆ ನದಿಯನ್ನು ಅವರು ದಿನವೂ ನೋಡುತ್ತಿದ್ದುದರಿಂದ. ಯಾರೂ ನೋಡದ ಊರು ನಕ್ಷೆಯಿಂದ ಹೋದರೆ ಬೊಬ್ಬೆ ಹಾಕುವವರು ಯಾರು?

ಹೀಗೆ ಇಲ್ಲ ಎಂಬುದರಲ್ಲಿ ಬಗೆಗಳಿವೆ. ಇದ್ದೂ ನಿಯಮದಿಂದ ಮರೆಯಾದದ್ದು ಒಂದು; ಅದರ ಲೆಕ್ಕ ಬೂಲನ ಕಳೆಯುವ ಚಿಹ್ನೆಯಲ್ಲಿ ಸಿಗುತ್ತದೆ. ವಿವರ ಖಾಲಿಯಿದ್ದು ಹೌದು, ಅಲ್ಲ ಎರಡರಿಂದಲೂ ಜಾರಿದ್ದು ಇನ್ನೊಂದು. ಉಗ್ರಾಣಕ್ಕೇ ಬಾರದ್ದು ಮೂರನೆಯದು. ಮೂರೂ ಪರದೆಯ ಮೇಲೆ ಒಂದೇ ಥರ, ಬರಿಯ ಬಯಲಾಗಿ ಕಾಣುತ್ತವೆ. ನಿಯಮ ಬರೆದವರಿಗೆ ಮಾತ್ರ ಅವುಗಳ ಭೇದ ತಿಳಿದೀತು. ಆದ್ದರಿಂದಲೇ ಹೊಣೆಯೂ ಅವರದೇ ಎಂದು ನನಗನ್ನಿಸುತ್ತದೆ. ಏನನ್ನು ಬಿಟ್ಟೆವೆಂದು ಹೇಳಬೇಕು, ಖಾಲಿಯನ್ನು ಸೊನ್ನೆಯೆಂದು ಓದಬಾರದು, ಆಗಾಗ ‘ಅಲ್ಲ’ ಸೇರಿಸಿ ತೌಡನ್ನು ಒಮ್ಮೆ ಕೈಯಾಡಿಸಿ ನೋಡಬೇಕು. ನಿಯಮ ಪಕ್ಷಪಾತ ಮಾಡುವುದಿಲ್ಲ, ನಿಜ. ಆದರೆ ನಾನು ಪಕ್ಷಪಾತ ಮಾಡಲಿಲ್ಲ ಎಂಬ ಹೆಮ್ಮೆ, ನಾನು ನೋಡಲಿಲ್ಲ ಎಂಬ ತಪ್ಪನ್ನು ಎಷ್ಟು ಚೆನ್ನಾಗಿ ಮುಚ್ಚುತ್ತದೆ!

ಇದನ್ನೆಲ್ಲ ಶಿಷ್ಯನಿಗೆ ಹೇಳಿದೆ. ಅಂಜುತ್ತಲೇ ಹೇಳಿದೆ, ಏಕೆಂದರೆ ಅಂದು ೬೪ ಪಡೆದು ಆರಿಸಿ ಬಂದ ಐದನೆಯ ಹುಡುಗ ಇವನೇ. ಅವನಿಗೆ ಸಿಕ್ಕದ್ದು ಸಿಗಬಾರದಿತ್ತು ಎಂದು ನಾನು ಒಂದು ದಿನವೂ ಅಂದುಕೊಂಡವಳಲ್ಲ. ಆದರೂ ಹೇಳದೆ ಉಳಿದರೆ ಇನ್ನೊಂದು ಖಾಲಿ ಮನೆಯನ್ನು ಹಾಗೆಯೇ ಬಿಟ್ಟಂತೆ ಆಗುತ್ತಿತ್ತು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಹಿಂದಿನ ಸಾಲಿನ್ಯಾಗ ಕೂಡ್ತಿದ್ಲರಿ. ನನಗ ಲೆಕ್ಕ ಹೇಳಿಕೊಡ್ತಿದ್ಲು” ಎಂದ. ಪರದೆಯನ್ನು ಸರಿಸಿ, ಶಾಲೆಯಿಂದ ಪಡುವಣಕ್ಕೆ ನಾಲ್ಕು ಕಿಲೋಮೀಟರಿನ ಒಂದು ಬಯಲಿಗೆ ತಂದು ನಿಲ್ಲಿಸಿದ. ನಿಯಮಗಳನ್ನೆಲ್ಲ ತೆಗೆದು ನೋಡಿದ. ಏನೂ ಬರಲಿಲ್ಲ. ತಾಂಡಾ ಉಗ್ರಾಣದಲ್ಲೇ ಇರಲಿಲ್ಲ. “ನಾನ ಹಾಕ್ತೀನ್ರಿ. ಹೆಸರೇನ್ರಿ ಅಕ್ಕೋರೆ ಆ ತಾಂಡಾದ್ದು?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಆ ಶಾಲೆಯಲ್ಲಿದ್ದೆ, ಆ ಕಡೆಯಿಂದ ಬರುವ ಮಕ್ಕಳನ್ನೆಲ್ಲ ತಾಂಡಾದ ಮಕ್ಕಳು ಎಂದಷ್ಟೇ ಕರೆದಿದ್ದೆ. ದಾಖಲಾತಿ ಪುಸ್ತಕದಲ್ಲೂ ಹತ್ತಿರದ ಹಳ್ಳಿಯ ಹೆಸರನ್ನೇ ಬರೆದುಕೊಂಡಿದ್ದೆವು.

ಮರುದಿನ ಅವನ ಕಾರಿನಲ್ಲಿ ಇಬ್ಬರೂ ಹೋದೆವು. ನಮ್ಮ ಕಡೆ ಇಂಥ ಜಾಗಗಳಿಗೆ ದಾಖಲೆ ಬಂದದ್ದು ತೀರ ಈಚೆಗೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳ, ಯಾವ ದಾಖಲೆಯಲ್ಲೂ ಇಲ್ಲದಿದ್ದ ಸುಮಾರು ೧,೪೭೫ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, ೨೦೨೩ರ ಜನವರಿಯಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ೫೦ ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಹೆಚ್ಚಿನವು ಲಂಬಾಣಿ ತಾಂಡಾಗಳೇ. ಅಲ್ಲಿ ಹುಟ್ಟಿ, ಅಲ್ಲೇ ಮನೆ ಕಟ್ಟಿ, ಅಲ್ಲೇ ಸತ್ತವರ ಊರು ಅಲ್ಲಿಯವರೆಗೆ ಕಾಗದದ ಮೇಲೆ ಬಯಲಾಗಿತ್ತು.

ತಾಂಡಾದ ಮುದುಕಿಯೊಬ್ಬಳು ಟ್ರಂಕಿನಿಂದ ಹಕ್ಕುಪತ್ರ ತೆಗೆದು ತೋರಿಸಿದಳು. ಅದರಲ್ಲಿ ಒಂದು ಹೆಸರಿತ್ತು. ನೀವು ಏನೆಂದು ಕರೆಯುತ್ತೀರಿ ಎಂದು ಕೇಳಿದರೆ ಇನ್ನೊಂದು ಹೆಸರು ಹೇಳಿದಳು. ಎರಡನ್ನೂ ಬರೆಯಲು ಜಾಗವಿದೆಯಂತೆ. ಶಿಷ್ಯ ಎರಡನ್ನೂ ಬರೆದುಕೊಂಡ. ಜನಸಂಖ್ಯೆ ಎಷ್ಟೆಂದು ಕೇಳಿದ್ದಕ್ಕೆ ಅವಳು ನಕ್ಕಳು: “ಹಬ್ಬದಾಗ ಎಣಿಸಬೇಕೋ, ಗುಳೆ ಹೋದಾಗ ಎಣಿಸಬೇಕೋ?” ಆ ಮನೆಯನ್ನು ಅವನು ಖಾಲಿ ಬಿಟ್ಟ. ಖಾಲಿ ಎಂದರೆ ಸೊನ್ನೆಯಲ್ಲ ಎಂದು ಈ ಸಲ ಇಬ್ಬರಿಗೂ ಗೊತ್ತಿತ್ತು.

ಹುಡುಗಿಯ ಬಗ್ಗೆ ಕೇಳಿದೆ. ಅವರ ಮನೆ ಅಗೋ ಅದು ಎಂದು ಬೆರಳು ತೋರಿಸಿದರು. ಬೀಗ ಹಾಕಿತ್ತು. ಆ ಮನೆಯವರು ಬಂದು ಎಂಟು ಹತ್ತು ವರ್ಷವಾಯಿತು, ಅಲ್ಲೇ ಎಲ್ಲೋ ಮಹಾರಾಷ್ಟ್ರದಲ್ಲಿ ನಿಂತುಬಿಟ್ಟರು ಎಂದರು. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಬಂದೆವು.

ಈ ಜೂನ್‌ನಿಂದ ನಾನು ಹಾಜರಿ ಪುಸ್ತಕದ ಕೊನೆಗೆ ಗೆರೆ ಹಾಕಿ ಒಂದು ಮನೆ ಹೆಚ್ಚು ಮಾಡಿಕೊಂಡಿದ್ದೇನೆ. ಏಕೆ ಗೈರು ಎಂದು ಅದರಲ್ಲಿ ಬರೆಯುತ್ತೇನೆ. ಭೂಪಟದ ಪಾಠದ ದಿನ ಯಾವುದಾದರೂ ಮಗು ಎದ್ದು ನಮ್ಮೂರು ಎಲ್ಲಿ ಬರೀಲಿ ಎಂದರೆ, ಪೆನ್ಸಿಲ್ ಕೊಟ್ಟು, ಹತ್ತಿರ ಕರೆದು, ಅಲ್ಲಿಯೇ ಒಂದು ಚುಕ್ಕೆ ಇಡಿಸುತ್ತೇನೆ. ಹೆಸರು ಏನೆಂದು ಕೇಳುತ್ತೇನೆ.